ಕಚ್ಚುವ, ತಳ್ಳುವ ನಾಲ್ಕು ವರ್ಷದ ಹುಡುಗನನ್ನು ತರಗತಿಯಲ್ಲಿ ಸಂಭಾಳಿಸುವುದು ಹೇಗೆ?

ಎಲ್‌ಕೆಜಿಗೆ ಹೊಸದಾಗಿ ಸೇರಿದ ಶಿಕ್ಷಕಿ ಎಂದಿದ್ದೀರಿ. ಪಕ್ಕದವರನ್ನು ತಳ್ಳುವ, ಕಚ್ಚುವ, ಗದರಿದರೆ ಇನ್ನಷ್ಟು ಕೆರಳುವ ನಿಮ್ಮ ಹುಡುಗ ನನಗೂ ಪರಿಚಿತನೇ. ನಾನು ಅಂಗನವಾಡಿ ಕಾರ್ಯಕರ್ತೆ. ವರ್ಷಕ್ಕೊಬ್ಬನಾದರೂ ಅಂಥವನು ನಮ್ಮ ಜಮಖಾನದ ಮೇಲೆ ಬಂದು ಕೂರುತ್ತಾನೆ. ಕೂರುವುದೆಲ್ಲಿ ಬಂತು, ಕುಣಿಯುತ್ತಾನೆ ಅನ್ನಿ.

ಮೊದಲ ವಾರ ಅವನನ್ನು ತಿದ್ದುವ ಗೋಜಿಗೇ ಹೋಗಬೇಡಿ. ಯಾರಿಗೂ ಪೆಟ್ಟಾಗದಂತೆ ತಡೆದರೆ ಸಾಕು. ಗಲಾಟೆ ಯಾವ ಹೊತ್ತಿಗೆ ಆಯಿತು, ಯಾರ ಪಕ್ಕದಲ್ಲಿದ್ದ, ಅದಕ್ಕೆ ಮುಂಚೆ ಏನು ನಡೆದಿತ್ತು ಎಂದು ಒಂದು ಪುಸ್ತಕದಲ್ಲಿ ಗೀಚಿಟ್ಟುಕೊಳ್ಳಿ. ನಮ್ಮಲ್ಲಿದ್ದ ಅಂಥ ಒಬ್ಬ ಹುಡುಗನ ಬಗ್ಗೆ ನಾನು ಹಾಗೆ ಬರೆದಾಗ ಗೊತ್ತಾಯಿತು: ಕಥೆ, ಹಾಡಿನ ಹೊತ್ತಿನಲ್ಲಿ ಅವನು ಯಾರ ತಂಟೆಗೂ ಹೋಗುತ್ತಿರಲಿಲ್ಲ. ಜಗಳವೆಲ್ಲ ಊಟಕ್ಕೆ ಮುಂಚೆ, ಕೈತೊಳೆಯಲು ಸಾಲು ನಿಂತಾಗ. ಇಪ್ಪತ್ತು ಮಕ್ಕಳು, ಒಂದೇ ನಲ್ಲಿ. ಆ ವಯಸ್ಸಿಗೆ ಹತ್ತು ನಿಮಿಷ ಸುಮ್ಮನೆ ನಿಲ್ಲುವುದೆಂದರೆ ನಾವು ಪಡಿತರ ಅಂಗಡಿಯ ಮುಂದೆ ಅರ್ಧ ದಿನ ನಿಂತ ಹಾಗೆ. ಸಾಲು ನಿಲ್ಲಿಸಿದವಳು ನಾನೇ ತಾನೆ!

ಐದೈದು ಮಕ್ಕಳನ್ನು ಮಾತ್ರ ನಲ್ಲಿಗೆ ಕಳಿಸಿ, ಉಳಿದವರಿಂದ ಹಾಡು ಹೇಳಿಸತೊಡಗಿದೆ. ಅವನಿಗೆ ಲೋಟ ಎಣಿಸಿ ಜೋಡಿಸುವ ಕೆಲಸ. ಮೊದಲ ದಿನ ಎರಡು ಲೋಟ ಎಸೆದ. ಮೂರನೆಯ ದಿನ "ಟೀಚರ್, ಒಂದು ಕಡಿಮೆ" ಎಂದು ಓಡಿ ಬಂದ. ತಳ್ಳುವುದು ಪೂರ್ತಿ ನಿಂತಿತೆಂದಲ್ಲ, ದಿನಕ್ಕೆ ಐದಾರು ಸಲ ಇದ್ದದ್ದು ಒಂದೆರಡಕ್ಕೆ ಇಳಿಯಿತು.

"ತಳ್ಳಬೇಡ" ಎಂದು ದೂರದಿಂದ ಕೂಗಿದರೆ ಕೈಗಳನ್ನು ಏನು ಮಾಡಬೇಕೆಂದು ಮಗುವಿಗೆ ತಿಳಿಯುವುದಿಲ್ಲ. ಹತ್ತಿರ ಹೋಗಿ, ಮಂಡಿಯೂರಿ, "ಕೈಕಟ್ಟಿ ನಿಲ್ಲು" ಎನ್ನಿ. ಕಚ್ಚಿದಾಗ ಮೊದಲು ಕಚ್ಚಿಸಿಕೊಂಡ ಮಗುವಿನ ಬಳಿ ಹೋಗಿ. ಆಮೇಲೆ ಇವನಿಗೆ, "ಕಚ್ಚಿದರೆ ನೋವಾಗುತ್ತದೆ. ಬೇಕಿದ್ದರೆ ಕೊಡು ಎಂದು ಕೇಳು." ಅಷ್ಟೇ. ಬಲವಂತದ "ಸಾರಿ"ಯಲ್ಲಿ ನನಗೆ ನಂಬಿಕೆಯಿಲ್ಲ. "ಎರಡು ಬಿಗಿಯಿರಿ ಟೀಚರ್" ಎನ್ನುವ ತಾಯಂದಿರಿಗೆ, ಬಿಗಿದರೆ ಅದನ್ನೇ ನಾಳೆ ಪಕ್ಕದವನ ಮೇಲೆ ಪ್ರಯೋಗಿಸುತ್ತಾನೆ ಎನ್ನುತ್ತೇನೆ.

ಇನ್ನೊಂದು. ಕರೆದರೂ ತಿರುಗದ ಮಗುವನ್ನು ಹಟಮಾರಿ ಎನ್ನುವ ಮೊದಲು, ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕೂಗಿ ನೋಡಿ. ನಮ್ಮಲ್ಲಿ ಒಬ್ಬಳಿಗೆ ಕಿವಿ ಸೋರುತ್ತಿತ್ತು, ಪಾಪ, ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ. ಅಂಗನವಾಡಿಗಾದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. ನಿಮ್ಮದು ಖಾಸಗಿ ಶಾಲೆಯಾದರೆ, ತಾಲ್ಲೂಕು ಆಸ್ಪತ್ರೆಯಲ್ಲಿ ಒಮ್ಮೆ ಕಿವಿ ತೋರಿಸಲು ಮನೆಯವರಿಗೆ ಹೇಳಿ.