ಆ ಟೇಪಿನಿಂದ ಶುರು ಮಾಡಿ

ನಮಸ್ಕಾರ,

ನೀವು ಕಳಿಸಿದ ‘ನ್ಯಾನೋ ಲೋಹಗಳ ವಿಸ್ಮಯ ಲೋಕ’ ಲೇಖನವನ್ನು ಎರಡು ಸಲ ಓದಿದೆ. ಹೀಗೇ ಪ್ರಕಟಿಸಲು ಆಗುವುದಿಲ್ಲ. ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಕಾರಣ, ನಿಮ್ಮ ನಾಲ್ಕನೇ ಪುಟ.

ಅಲ್ಲಿ ನೀವು ಲ್ಯಾಬಿನಲ್ಲಿ ಕಂಡದ್ದನ್ನು ಬರೆದಿದ್ದೀರಿ. ರಭಸದಿಂದ ತಿರುಗುವ ತಾಮ್ರದ ಚಕ್ರ, ಅದರ ಮೇಲೆ ಸಣ್ಣ ತೂತಿನಿಂದ ಚಿಮ್ಮುವ ಕರಗಿದ ಲೋಹ, ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಆ ಕಡೆ ಹಾರಿ ಬೀಳುವ ಹೊಳೆಯುವ ಟೇಪು. ಬರೀ ನಾಲ್ಕು ಸಾಲು! ಅದಕ್ಕೂ ಮುಂಚೆ ಮೂರು ಪುಟ ಪೀಠಿಕೆ. ಅದರಲ್ಲಿ ‘ವಿಸ್ಮಯ’ ಹನ್ನೊಂದು ಸಲ ಬಂದಿದೆ, ಎಣಿಸಿದೆ. ಆ ಮೂರು ಪುಟ ಹರಿದು ಹಾಕಿ, ಟೇಪಿನಿಂದ ಶುರು ಮಾಡಿ.

ಟೇಪು ಯಾಕಷ್ಟು ತೆಳು? ಈ ಪ್ರಶ್ನೆ ನೀವು ಕೇಳಲೇ ಇಲ್ಲ. ಅದರ ಬದಲು ಟೇಪಿಗಿರುವ ‘ಲೋಹದ ಗಾಜು’ ಎಂಬ ಹೆಸರು ನೋಡಿ ಅದು ಪಾರದರ್ಶಕ ಅಂದುಬಿಟ್ಟಿರಿ. ಅಲ್ಲ. ಅದರ ಆಚೆ ಏನೂ ಕಾಣುವುದಿಲ್ಲ. ಇಲ್ಲಿ ಗಾಜು ಅಂದರೆ ಒಳಗೆ ಹರಳು, ಅಂದರೆ ಸಾಲಾಗಿ ಕೂತ ಪರಮಾಣುಗಳು, ಇಲ್ಲದ್ದು, ಅಷ್ಟೇ. ಸಕ್ಕರೆ ಪಾಕವನ್ನು ದಿನಗಟ್ಟಲೆ ಅಲ್ಲಾಡಿಸದೆ ಬಿಟ್ಟರೆ ಕಲ್ಲುಸಕ್ಕರೆ ಕಟ್ಟುತ್ತದೆ, ಅದು ಹರಳು. ಅದೇ ಸಕ್ಕರೆಯ ಗಟ್ಟಿ ಪಾಕ ಬೇಗ ಆರಿದರೆ ಲಾಲಿಪಾಪ್, ಅದು ಗಾಜು. ಲೋಹದ ಪರಮಾಣುಗಳಿಗೋ ಸಾಲಾಗಿ ಕೂರುವ ಆತುರ ತುಂಬಾ ಜಾಸ್ತಿ. ಅದನ್ನು ತಪ್ಪಿಸಲು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಡಿಗ್ರಿ ವೇಗದಲ್ಲಿ ತಣಿಸಬೇಕು. 1960ರಲ್ಲಿ ಅಮೆರಿಕದ ಕ್ಯಾಲ್ಟೆಕ್ ತಂತ್ರಜ್ಞಾನ ಸಂಸ್ಥೆಯಲ್ಲಿ ಪೋಲ್ ಡುವೆ ಮತ್ತು ಸಂಗಡಿಗರು ಚಿನ್ನ–ಸಿಲಿಕಾನ್ ಮಿಶ್ರಣದಲ್ಲಿ ಇದನ್ನು ಮಾಡಿ ತೋರಿಸಿದರು. ಚಕ್ರದ ತಾಮ್ರ ಶಾಖವನ್ನು ತಟ್ಟನೆ ಎಳೆದುಕೊಳ್ಳುತ್ತದೆ. ಆದರೂ ಪದರ ದಪ್ಪಗಿದ್ದರೆ ಒಳಗಿನ ಬಿಸಿ ಸಮಯಕ್ಕೆ ಸರಿಯಾಗಿ ಹೊರಬರಲ್ಲ. ಹಾಗಾಗಿ ಟೇಪಿನ ದಪ್ಪ ಮಿಲಿಮೀಟರಿನ ನಲವತ್ತನೇ ಒಂದು ಭಾಗದಷ್ಟು. ಬೆರಳು ದಪ್ಪದ ಲೋಹದ ಗಾಜು ಸಲೀಸಾಗಿ ಬರತೊಡಗಿದ್ದು 1990ರ ದಶಕದಲ್ಲಿ, ಜಿರ್ಕೋನಿಯಂ ಲೋಹದ ಜೊತೆ ಬೇರೆ ಬೇರೆ ಗಾತ್ರದ ಪರಮಾಣುಗಳನ್ನು ಬೆರೆಸಿ, ಸಾಲುಗಟ್ಟುವುದನ್ನೇ ಕಷ್ಟ ಮಾಡಿದ ಮೇಲೆ.

ಉಪಯೋಗ ಹೇಳುವಾಗ ನೀವು ಸೀದಾ ರೋಬೋಟ್, ರಾಕೆಟ್‌ಗೆ ಹಾರಿದಿರಿ. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರ್ ನೋಡಿಲ್ವಾ? ಊರೆಲ್ಲಾ ಮಲಗಿದ್ದರೂ ಅದರ ಕೋರ್, ಅಂದರೆ ತಂತಿ ಸುತ್ತಿದ ನಡುವಿನ ಲೋಹ, ಸುಮ್ನೆ ಕರೆಂಟ್ ತಿನ್ನುತ್ತಿರುತ್ತದೆ. ಮಾಮೂಲಿ ಸಿಲಿಕಾನ್ ಸ್ಟೀಲ್ ಬದಲು ಕಬ್ಬಿಣ–ಬೋರಾನ್–ಸಿಲಿಕಾನಿನ ಇಂಥದೇ ಟೇಪು ಸುತ್ತಿದರೆ ಆ ನಷ್ಟ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ರಾಕೆಟ್‌ಗಿಂತ ಇದು ನಮ್ಮ ಓದುಗರಿಗೆ ಹತ್ತಿರ.

‘ಹರಳು ಸಣ್ಣದಾದಷ್ಟೂ ಲೋಹ ಗಟ್ಟಿ’ ಎಂಬ ಸಾಲಿಗೆ ಒಂದು ‘ಆದರೆ’ ಸೇರಿಸಿ. ಹತ್ತಿಪ್ಪತ್ತು ನ್ಯಾನೋಮೀಟರ್‌ಗಿಂತ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗವೇ ನ್ಯಾನೋಮೀಟರ್) ಕೆಳಗೆ ಆ ಲೆಕ್ಕ ಕೈಕೊಡುತ್ತದೆ. ಗಟ್ಟಿಯಾದದ್ದು ಎಳೆದಾಗ ಬೇಗ ಮುರಿಯುವುದೂ ಉಂಟು.

‘ನ್ಯಾನೋ ಈ ಶತಮಾನದ ಕೊಡುಗೆ’ ಎಂಬುದನ್ನಂತೂ ತೆಗೆಯಲೇಬೇಕು. 1903ರಲ್ಲಿ ಹಾರಿದ ರೈಟ್ ಸಹೋದರರ ವಿಮಾನದ ಎಂಜಿನ್‌ನ ಹೊರಕವಚ ತಾಮ್ರ ಬೆರೆಸಿದ ಅಲ್ಯೂಮಿನಿಯಂ. 1994ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರೊಳಗೆ ನ್ಯಾನೋ ಗಾತ್ರದ ತಾಮ್ರದ ಗುಂಪುಗಳು ಸಿಕ್ಕವು. ಅದನ್ನು ಗಟ್ಟಿ ಮಾಡಿದ್ದು ಅವೇ. ಎರಕ ಹೊಯ್ದವರಿಗೆ ಆಗ ಅದರ ಸುಳಿವೂ ಇರಲಿಲ್ಲ. ಇಷ್ಟು ಚೆಂದದ ಕತೆ ಇರುವಾಗ ‘ಕೊಡುಗೆ’ ಯಾಕೆ ಬೇಕು ಹೇಳಿ?

ಒಂದೂವರೆ ಪುಟಕ್ಕೆ ಇಳಿಸಿ ಮತ್ತೆ ಕಳಿಸಿ. ಅದಕ್ಕೂ ಮೊದಲು ಇನ್ನೊಮ್ಮೆ ಆ ಲ್ಯಾಬಿಗೆ ಹೋಗಿ ಟೇಪಿನ ಒಂದು ತುಂಡು ಕೇಳಿ. ಬಗ್ಗಿಸಿ ನೋಡಿ, ಏನಾಯಿತೋ ಬರೆಯಿರಿ. ಬೆರಳು ಹುಷಾರು, ಅಂಚು ಬ್ಲೇಡಿನ ಹಾಗಿರುತ್ತದೆ.

— ಸಂಪಾದಕ