ಓದುಗರ ಪ್ರಶ್ನೆ: ಹಳೆಯ ಆನಿಂಗ್ ಹೊಸ ಕ್ಯಾರವಾನ್‌ಗೆ ಹೊಂದುತ್ತದೆಯೇ?

ಪ್ರಶ್ನೆ: ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆ) ಬದಲಾಯಿಸಿ ಸ್ವಲ್ಪ ದೊಡ್ಡದನ್ನು ತೆಗೆದುಕೊಂಡಿದ್ದೇವೆ. ಹಳೆಯದರ ‘ಎ’ ಅಳತೆ 935 ಸೆಂ.ಮೀ. ಇತ್ತು, ಹೊಸದರದು 965. ಅದರ ಪಕ್ಕಕ್ಕೆ ಸಿಕ್ಕಿಸಿ ಕಟ್ಟುವ ಡೇರೆಯ, ಅಂದರೆ ಆನಿಂಗ್‌ನ, ಬಟ್ಟೆ ಗಟ್ಟಿಯಾಗಿದೆ, ಎಸೆಯಲು ಮನಸ್ಸಿಲ್ಲ. ಹೊಲಿಸಿ ಹೊಂದಿಸಬಹುದೇ?
– ಓದುಗರೊಬ್ಬರು, ಲೆಸ್ಟರ್, ಇಂಗ್ಲೆಂಡ್

ಉತ್ತರ: ಹೊಂದಿಸಬಹುದು. ಆದರೆ ‘ಎ’ ಅಳತೆಯೊಂದನ್ನೇ ನಂಬಿ ಕತ್ತರಿ ಹಿಡಿಯಬೇಡಿ. ಒಂದು ಬದಿಯ ನೆಲದಿಂದ ಮೇಲಕ್ಕೆ, ಆನಿಂಗ್ ಸಿಕ್ಕಿಸುವ ಅಲ್ಯೂಮಿನಿಯಂ ಚಾನೆಲ್ ಗುಂಟ ಸಾಗಿ, ಇನ್ನೊಂದು ಬದಿಯ ನೆಲದವರೆಗಿನ ಒಟ್ಟು ಉದ್ದವೇ ‘ಎ’. ಕ್ಯಾರವಾನ್ ಎತ್ತರವಾದರೂ ಅದು ಹೆಚ್ಚುತ್ತದೆ, ಉದ್ದವಾದರೂ ಹೆಚ್ಚುತ್ತದೆ. ಹೊಲಿಗೆಯ ಮಟ್ಟಿಗೆ ಇವೆರಡೂ ಬೇರೆ ಬೇರೆ ಕೆಲಸ.

ಮೊದಲು ಕ್ಯಾರವಾನ್ ಅನ್ನು ಎರಡೂ ದಿಕ್ಕಿಗೆ ಮಟ್ಟ ಮಾಡಿ ನಿಲ್ಲಿಸಿ. ಹಿಗ್ಗದ ದಾರ ಹಿಡಿದು ಎಡ ಎತ್ತರ, ಮೇಲಿನ ಉದ್ದ, ಬಲ ಎತ್ತರ ಎಂದು ಮೂರು ತುಂಡಾಗಿ ಅಳೆಯಿರಿ. ಚಾನೆಲ್ ನೆಲದವರೆಗೆ ಬರುವುದಿಲ್ಲ. ಅದರ ತುದಿಯಿಂದ ನೆಲಕ್ಕೆ ನೇರವಾಗಿ ದಾರ ಇಳಿಬಿಡಿ. ಆಮೇಲೆ ಆನಿಂಗ್ ಅನ್ನು ಹುಲ್ಲಿನ ಮೇಲೆ ಹರಡಿ, ಹುರಿ ತುಂಬಿದ ಅಂಚನ್ನು (ಅಂಗಡಿಯವರು ಬೀಡಿಂಗ್ ಎನ್ನುತ್ತಾರೆ) ಅದೇ ರೀತಿ ಮೂರು ಭಾಗ ಮಾಡಿ ಅಳೆದು ಪಕ್ಕಪಕ್ಕ ಬರೆದುಕೊಳ್ಳಿ.

ಉದಾಹರಣೆಗೆ ಆನಿಂಗ್ 230 + 475 + 230, ಕ್ಯಾರವಾನ್ 240 + 485 + 240 ಎಂದುಕೊಳ್ಳೋಣ. ಚಾವಣಿಯಲ್ಲಿ 10 ಸೆಂ.ಮೀ. ಕೊರತೆ ಇದೆ. ಬಟ್ಟೆಯನ್ನು ಸರಿಯಾಗಿ ನಡುವಿಗೆ ತಂದರೆ ಒಂದೊಂದು ಮೂಲೆಗೆ 5 ಸೆಂ.ಮೀ. ಬರುತ್ತದೆ, ಅಷ್ಟು ಉದ್ದವನ್ನು ಬದಿಗೋಡೆಯೇ ಬಾಗು ದಾಟಿ ಮೇಲೇರಿ ತುಂಬುತ್ತದೆ. ಎತ್ತರದ ಕೊರತೆ 10, ಇದು 5: ಕ್ಯಾರವಾನ್ ಪಕ್ಕದಲ್ಲಿ ಗೋಡೆ ನೆಲದಿಂದ 15 ಸೆಂ.ಮೀ. ಮೇಲೆ ನಿಲ್ಲುತ್ತದೆ. ಇದನ್ನು ಗೋಡೆಯ ಅಡಿಗೆ ಹೊಲಿಯುವ ಪಟ್ಟಿಯಿಂದಲೇ ಸರಿಪಡಿಸಬಹುದು. ಮೂಲೆಯೊಂದಕ್ಕೆ 10 ಸೆಂ.ಮೀ.ಗಿಂತ ಹೆಚ್ಚು ಕೊರತೆ ಬಂದರೆ ಬಾಗಿನಲ್ಲಿ ಬಟ್ಟೆ ಎಳೆದುಕೊಂಡು ಸುಕ್ಕುಗಟ್ಟಿ ಮಳೆನೀರು ಮಡುಗಟ್ಟುತ್ತದೆ. ಆಗ ಈ ಆಸೆ ಬಿಡುವುದೇ ಒಳ್ಳೆಯದು. ಚಾವಣಿಯ ನಡುವೆ ಸೀಳಿ ಹೊಸ ಬಟ್ಟೆ ಸೇರಿಸುವ ಸಲಹೆಯನ್ನು ಮಾತ್ರ ದಯವಿಟ್ಟು ಒಪ್ಪಬೇಡಿ. ಆ ಹೊಲಿಗೆ ಸದಾ ಬಿಗಿತದಲ್ಲಿರುತ್ತದೆ, ಸೂಜಿಯ ರಂಧ್ರಗಳು ಹಿಗ್ಗಿ ನೀರು ಒಳಗೆ ಸೋರುತ್ತದೆ.

ಇನ್ನು ಕಂಬಗಳು. ಮುಂದಿನ ಕಾಲುಗಳನ್ನೂ 10 ಸೆಂ.ಮೀ. ಎತ್ತರಿಸಿ. ಹಿಂದೆ ಮಾತ್ರ ಏರಿ ಮುಂದೆ ಹಾಗೇ ಬಿಟ್ಟರೆ ಬದಿಗೋಡೆ ಓರೆಯಾಗುತ್ತದೆ, ಜಿಪ್ ಅಡ್ಡ ಎಳೆತಕ್ಕೆ ಸಿಕ್ಕಿ ಹಲ್ಲು ಬಿಡುತ್ತದೆ. ಎರಡೂ ಕಡೆ ಏರಿಸಿದಾಗ ಚಾವಣಿಯ ಇಳಿಜಾರು ಮೊದಲಿನಂತೆಯೇ ಉಳಿಯುತ್ತದೆ. ಮುಂಗೋಡೆಯ ಅಡಿಯಲ್ಲಿ 10, ಬದಿಯಲ್ಲಿ ಹಿಂದಕ್ಕೆ ಹೋದಂತೆ 15 ಸೆಂ.ಮೀ. ತೆರಪು ಬರುತ್ತದೆ.

ಆ ತೆರಪಿಗೆ 30 ಸೆಂ.ಮೀ. ಅಗಲದ ಪಟ್ಟಿ ಬೇಕು: 15 ತೆರಪಿಗೆ, 5 ಮೇಲಿನ ಬಟ್ಟೆಯ ಒಳಗೆ ಸೇರಲು, 10 ನೆಲದ ಮೇಲೆ ಒಳಮುಖವಾಗಿ ಮಡಚಲು. ಲಾರಿ ಟಾರ್ಪಾಲಿನ್ ಜಾತಿಯ ಪಿವಿಸಿ ಲೇಪಿತ ಪಾಲಿಯೆಸ್ಟರ್ ತನ್ನಿ. 2.5 ಮೀ. ಆಳದ ಆನಿಂಗ್ ಆದರೆ 150 ಸೆಂ.ಮೀ. ಅಗಲದ ಬಟ್ಟೆ 2.5 ಮೀ. ಸಾಕು. ಉದ್ದಕ್ಕೆ ಸೀಳಿದರೆ ಐದು ಪಟ್ಟಿ: ಬದಿಗೊಂದು, ಮುಂದಕ್ಕೆರಡು, ಉಳಿದದ್ದು ಜಿಪ್ ಇರುವ ಕಡೆ ಒಂದರ ಮೇಲೊಂದು ಸೇರಿಸಲು. ಜಿಪ್‌ಗೆ ಅಡ್ಡಲಾಗಿ ಪಟ್ಟಿ ಹೊಲಿದುಬಿಟ್ಟರೆ ಬಾಗಿಲು ತೆರೆಯುವುದೇ ಇಲ್ಲ, ನೆನಪಿರಲಿ.

18ನೇ ನಂಬರ್ ಸೂಜಿ, ಪಾಲಿಯೆಸ್ಟರ್ ದಾರ, 4 ಮಿ.ಮೀ. ಉದ್ದದ ಹೊಲಿಗೆ, 1 ಸೆಂ.ಮೀ. ಅಂತರದಲ್ಲಿ ಎರಡು ಸಾಲು. ಹೊಲಿಗೆ ಚಿಕ್ಕದಾದರೆ ರಂಧ್ರಗಳು ಒತ್ತೊತ್ತಾಗಿ ಬಿದ್ದು, ಅಂಚೆಚೀಟಿ ಹರಿದಂತೆ ಪಿವಿಸಿ ಆ ಗೆರೆಯಲ್ಲೇ ಹರಿಯುತ್ತದೆ. ಮೇಲಿನ ಬಟ್ಟೆ ಹೊರಗೆ, ಪಟ್ಟಿ ಒಳಗೆ ಇರಬೇಕು. ಹೆಂಚು ಹೊದಿಸುವ ಕ್ರಮ ಅದು. ತಿರುವುಮುರುವಾದರೆ ಗೋಡೆಯ ನೀರೆಲ್ಲ ಒಳಕ್ಕೆ ಇಳಿಯುತ್ತದೆ. ಗೂಟದ ಕುಣಿಕೆಗಳನ್ನು ಬಿಚ್ಚಿ ಹೊಸ ನೆಲಮಟ್ಟಕ್ಕೆ ಹೊಲಿಯಿರಿ.

ಕೊನೆಗೆ ಬೀಡಿಂಗ್ ದಪ್ಪ ನೋಡಿ. ಹೊಲಿಗೆಗೆ ಮುಂಚೆಯೇ ಅದೇ ದಪ್ಪದ ಒಂದು ಗೇಣು ತುಂಡನ್ನು ಚಾನೆಲ್‌ನಲ್ಲಿ ಪೂರ್ತಿ ಓಡಿಸಿ. ಸಡಿಲವಿದ್ದರೆ ಗಾಳಿಗೆ ಕಿತ್ತು ಬರುತ್ತದೆ, ದಪ್ಪದ ಬೀಡಿಂಗ್ ಹಾಕಿಸಲೇಬೇಕು. ಬಾಗಿನಲ್ಲಿ ಅಥವಾ ಚಾನೆಲ್ ಜೋಡಣೆಯಲ್ಲಿ ಸಿಕ್ಕಿಕೊಂಡರೆ ಅಲ್ಲಿನ ಮುಳ್ಳನ್ನು ಅರದಿಂದ ಉಜ್ಜಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಣ್ಣೆ ಬೇಡ, ಧೂಳು ಅಂಟಿ ಇನ್ನಷ್ಟು ಬಿಗಿಯುತ್ತದೆ.

ಪ್ರಶ್ನೆ: ನಮ್ಮದು ಉಲ್ಟಾ. ಆನಿಂಗ್ ‘ಎ’ಗಿಂತ 20 ಸೆಂ.ಮೀ. ದೊಡ್ಡದು. ಕತ್ತರಿಸಬೇಕೇ?

ಉತ್ತರ: ಬೇಡ. ಚಾವಣಿ ಭಾಗ ಹೊಂದುತ್ತಿದ್ದರೆ ಒಂದೊಂದು ಬದಿಗೆ ಹೆಚ್ಚಾಗುವುದು 10 ಸೆಂ.ಮೀ. ಅಷ್ಟೇ. ಅದನ್ನು ಒಳಕ್ಕೆ ಮಡಚಿ ನೆಲಹಾಸಿನ ಅಂಚನ್ನು ಅದರ ಮೇಲೆ ಎಳೆದರೆ ಸಾಕು. ಹೆಚ್ಚಿರುವುದು ಚಾವಣಿಯಲ್ಲೇ ಆದರೆ ಕಥೆ ಬೇರೆ: ಅದು ಜೋಲಿ ಬೀಳುತ್ತದೆ, ಒಂದೇ ರಾತ್ರಿಯ ಮಳೆಗೆ ಕಂಬ ಬಗ್ಗುವಷ್ಟು ನೀರು ನಿಲ್ಲುತ್ತದೆ. ಮಾರಿ ಬೇರೆ ಅಳತೆಯದನ್ನು ಕೊಳ್ಳಿ.

ಪ್ರಶ್ನೆ: ಜರ್ಮನಿಯ ಕ್ಯಾರವಾನ್‌ನಿಂದ ಬ್ರಿಟಿಷ್ ಕ್ಯಾರವಾನ್‌ಗೆ ಬದಲಾಗುತ್ತಿದ್ದೇವೆ. ‘ಎ’ ಅಳತೆ ಒಂದೇ. ಬೇರೇನಾದರೂ ನೋಡಬೇಕೇ?

ಉತ್ತರ: ಬಾಗಿಲು. ಬ್ರಿಟಿಷ್ ಕ್ಯಾರವಾನ್‌ಗಳಿಗೆ ಸಾಮಾನ್ಯವಾಗಿ ಎಡಗಡೆ, ಯುರೋಪಿನವಕ್ಕೆ ಬಲಗಡೆ. ಎರಡೂ ಬದಿ ಒಂದೇ ಆಕಾರದ ಆನಿಂಗ್ ಆದರೆ ತೊಂದರೆಯಿಲ್ಲ. ಕ್ಯಾರವಾನ್‌ನ ಓರೆಗೆ ತಕ್ಕಂತೆ ಒಂದು ಬದಿಯನ್ನು ಬೇರೆಯಾಗಿ ಕತ್ತರಿಸಿದ್ದರೆ ಅದು ತಪ್ಪು ತುದಿಗೆ ಬರುತ್ತದೆ. ಹಿಂದಿನ ಕಂಬ ಬಾಗಿಲಿಗೂ ಕಿಟಕಿಗೂ ತಾಗದೆ ನಿಲ್ಲಲು ಜಾಗವಿದೆಯೇ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ಗ್ಯಾಸ್ ಹೀಟರ್ ಮತ್ತು ಫ್ರಿಜ್‌ನ ಹೊಗೆಕಿಂಡಿಗಳು ಯಾವ ಬದಿಗಿವೆ ಎಂದು ಗುರುತಿಸಿಕೊಳ್ಳಿ. ಅವು ಆನಿಂಗ್ ಒಳಗೆ ಬಂದರೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಆನಿಂಗ್ ಕಟ್ಟಿರುವಾಗ ಆ ಉಪಕರಣಗಳನ್ನು ಗ್ಯಾಸ್‌ನಲ್ಲಿ ಓಡಿಸದೆ ಕರೆಂಟಿನಲ್ಲಿ ಓಡಿಸಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ತಪ್ಪದೆ ಇಡಿ. ಮಕ್ಕಳನ್ನು ಆನಿಂಗ್‌ನಲ್ಲಿ ಮಲಗಿಸುವ ಮನೆಯವರು ಇದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.