ಗೆಡ್ಡೆ ಬೆಳೆಸಲೆಂದು ಮಗುವಿನ ಕಣ್ಣಿಗೆ ಸೂಜಿ ಹಾಕಿಸಬೇಡಿ

ಪ್ರಶ್ನೆ: ಎರಡು ವರ್ಷದ ಮಗಳಿಗೆ ರೆಟಿನೊಬ್ಲಾಸ್ಟೊಮಾ (ಕಣ್ಣಿನ ಒಳಪದರವಾದ ರೆಟಿನಾದ ಕ್ಯಾನ್ಸರ್). ಗೆಡ್ಡೆಯ ಚೂರು ತೆಗೆದು ಲ್ಯಾಬಿನಲ್ಲಿ ಬೆಳೆಸಿ, ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡಿಕೊಂಡೇ ಚಿಕಿತ್ಸೆ ಶುರು ಮಾಡಬಾರದೇ?

ಬೇಡ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಬೇರೆ ಬಹುತೇಕ ಕ್ಯಾನ್ಸರ್‌ಗಳಲ್ಲಿ ಬಯಾಪ್ಸಿ, ಅಂದರೆ ಗೆಡ್ಡೆಯ ಚೂರು ತೆಗೆದು ಪರೀಕ್ಷಿಸುವುದು, ಮೊದಲ ಹೆಜ್ಜೆ. ಇಲ್ಲಿ ಸೂಜಿ ಹಾದ ದಾರಿಯಲ್ಲೇ ಕೋಶಗಳು ಕಣ್ಣಿನಾಚೆ ಚೆಲ್ಲಬಹುದು. ಕಣ್ಣೊಳಗಿದ್ದ, ಗುಣವಾಗಬಲ್ಲ ರೋಗ ಪ್ರಾಣಕ್ಕೇ ಕುತ್ತಾಗುತ್ತದೆ.

ಸಂಶೋಧನೆಗೆ ಗೆಡ್ಡೆ ಸಿಗುವುದು ಚಿಕಿತ್ಸೆಗಾಗಿ ತೆಗೆಯಲೇಬೇಕಾದ ಕಣ್ಣಿನಿಂದ. ಅಲ್ಲೂ ಮೊದಲ ಹಕ್ಕು ರೋಗ ಎಷ್ಟು ಹಬ್ಬಿದೆಯೆಂದು ಪರೀಕ್ಷಿಸುವ ಪೆಥಾಲಜಿಸ್ಟರದು. ಕಣ್ಣುಗುಡ್ಡೆ ತೆರೆಯುವ ಮುನ್ನ ದೃಷ್ಟಿನರದ ತುದಿಯನ್ನು ಕತ್ತರಿಸಿ ಬೇರೆ ಡಬ್ಬಿಗೆ ಹಾಕಬೇಕು. ಇಲ್ಲದಿದ್ದರೆ ಚೆಲ್ಲಿದ ಕೋಶ ನರಕ್ಕೆ ಅಂಟಿ, ರೋಗ ಹಬ್ಬಿದೆಯೆಂಬ ತಪ್ಪು ವರದಿ ಬಂದು, ಮಗುವಿಗೆ ಬೇಡದ ಕೀಮೋ ಬೀಳುತ್ತದೆ. ಆಮೇಲೆ ಗೆಡ್ಡೆಯ ಚೂರನ್ನು ತಣ್ಣನೆಯ ಕಲ್ಚರ್ ದ್ರವದಲ್ಲಿಡಬೇಕು. ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್‌ಗೆ ಹಾಕಿದರೆ ಕೋಶ ಅಲ್ಲೇ ಸತ್ತಿತು. ಸುಣ್ಣಗಟ್ಟಿದ ಭಾಗವೂ ಬೇಡ, ಅದರಲ್ಲಿ ಜೀವವಿಲ್ಲ. ಕೋಶಗಳನ್ನು ಬಿಡಿಸಿ, 40 ಮೈಕ್ರಾನ್ ಜರಡಿಯಲ್ಲಿ ಸೋಸಿ, ಮ್ಯಾಟ್ರಿಜೆಲ್‌ಗೆ (ಕೋಶಗಳಿಗೆ ಆಸರೆಯಾಗುವ ಜೆಲ್) ಬೆರೆಸಿ 40 ಮೈಕ್ರೊಲೀಟರ್ ಹನಿಗಳಾಗಿ ತಟ್ಟೆಗೆ ಬಿಡುತ್ತಾರೆ. ಈ ಜೆಲ್ ರಾತ್ರಿಯಿಡೀ 4 ಡಿಗ್ರಿಯಲ್ಲಿ ಕರಗಬೇಕು, ಪಿಪೆಟ್ ತುದಿಯೂ ತಣ್ಣಗಿರಬೇಕು. 10 ಡಿಗ್ರಿ ದಾಟಿದರೆ ತುದಿಯಲ್ಲೇ ಹೆಪ್ಪುಗಟ್ಟುತ್ತದೆ.

ಈ ಹನಿಯಲ್ಲಿ ಕೋಶಗಳು ಉಂಡೆಯಾಗಿ ಬೆಳೆಯುತ್ತವೆ. ಉಂಡೆ ಅರ್ಧ ಮಿಲಿಮೀಟರ್ ದಾಟಿತೆಂದರೆ ಆಮ್ಲಜನಕ ತಲುಪದೆ ನಡುಭಾಗ ತಾನಾಗಿಯೇ ಸಾಯತೊಡಗುತ್ತದೆ. ಅದನ್ನೇ ಔಷಧದ ಗುಣವೆಂದು ಬರೆದರೆ ಮೋಸ. ಔಷಧ ಹಾಕದ, ಅದೇ ಗಾತ್ರದ ಉಂಡೆ ಪಕ್ಕದಲ್ಲಿ ಇರಲೇಬೇಕು.

ಇಷ್ಟಕ್ಕೆಲ್ಲ ವಾರಗಳು ಬೇಕು. ಸಾಲದ್ದಕ್ಕೆ ತಟ್ಟೆಯ ಉಂಡೆಗೆ ರಕ್ತನಾಳವಿಲ್ಲ. ಧಮನಿಯ ಮೂಲಕ ಕೊಟ್ಟ ಮೆಲ್ಫಲಾನ್ ಎಂಬ ಕೀಮೋ ಔಷಧ ಕಣ್ಣಿನಲ್ಲಿ ಎಲ್ಲಿಗೆಷ್ಟು ತಲುಪುತ್ತದೆಂದು ಅದು ಹೇಳಲಾರದು. ಮಗಳ ಚಿಕಿತ್ಸೆ ಇದಕ್ಕಾಗಿ ಒಂದು ದಿನವೂ ಕಾಯಬಾರದು.

ಪ್ರಶ್ನೆ: ಇಲಿಗಳ ಮೇಲಿನ ಪ್ರಯೋಗ ಸಾಲದೇ?

ಸಾಲದು. ಮಕ್ಕಳಲ್ಲಿ ಕೆಟ್ಟರೆ ಈ ಕಣ್ಣಿನ ಕ್ಯಾನ್ಸರ್ ತರುವ ಆರ್‌ಬಿ1 ಜೀನಿನ ಒಂದು ಪ್ರತಿ ಕೆಟ್ಟ ಇಲಿಗೆ ಗೆಡ್ಡೆ ಬರುವುದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ, ಕಣ್ಣಲ್ಲಲ್ಲ.

ಪ್ರಶ್ನೆ: ಪಿಎಚ್‌ಡಿಗೆ ವೈ79 ಕೋಶಗಳಷ್ಟೇ ಸಾಕೇ?

1970ರ ದಶಕದಿಂದ ತಟ್ಟೆಯಲ್ಲೇ ಬೆಳೆಯುತ್ತಿರುವ ರೆಟಿನೊಬ್ಲಾಸ್ಟೊಮಾ ಕೋಶಗಳವು. ಕೈ ಪಳಗಿಸಿಕೊಳ್ಳಲು ಸಾಕು, ಔಷಧದ ತೀರ್ಮಾನಕ್ಕೆ ಸಾಲದು.

ಪ್ರಶ್ನೆ: ಫೋಟೊದಲ್ಲಿ ಮಗನ ಪಾಪೆ ಬೆಳ್ಳಗೆ ಹೊಳೆಯುತ್ತದೆ. ನಾಟಿ ವೈದ್ಯರು ಸೊಪ್ಪಿನ ರಸ ಬಿಡಿ ಎಂದಿದ್ದಾರೆ.

ಬಿಡಬೇಡಿ! ಬೆಳ್ಳಗೆ ಹೊಳೆಯುವ ಪಾಪೆ ಇದೇ ಗೆಡ್ಡೆಯ ಗುರುತಿರಬಹುದು. ರಸ ಬಿಟ್ಟು ಗೆಡ್ಡೆ ಕರಗಿಸುತ್ತೇನೆಂಬವನು ನಿಮ್ಮ ಮಗುವಿನ ದಿನಗಳನ್ನು ಕದಿಯುತ್ತಿದ್ದಾನೆ. ನಾಳೆಯೇ ಕಣ್ಣಿನ ಆಸ್ಪತ್ರೆಗೆ ಹೋಗಿ, ಪಾಪೆ ಹಿಗ್ಗಿಸಿ ರೆಟಿನಾ ನೋಡಿಸಿ. ಎರಡೂ ಕಣ್ಣಿನದು.